ಹಿರೊಯುಕಿ ಎಂಡೊ: ಡಬಲ್ಸ್ ಅಂಗಳದಿಂದ ಕೋಚ್ ಕುರ್ಚಿಯವರೆಗೆ – ಪದೇ ಪದೇ ಕೇಳುವ ಪ್ರಶ್ನೆಗಳು

## ಮೊದಲು ಪರಿಚಯ

ಯಾರು ಈ ಎಂಡೊ? ಹೆಸರು ಎಲ್ಲೋ ಕೇಳಿದ ಹಾಗಿದೆ, ಮುಖ ನೆನಪಾಗ್ತಿಲ್ಲ.

ಹಿರೊಯುಕಿ ಎಂಡೊ ಜಪಾನಿನ ಬ್ಯಾಡ್ಮಿಂಟನ್ ಆಟಗಾರ, ಪುರುಷರ ಡಬಲ್ಸ್‌ನವರು. ಹುಟ್ಟಿದ್ದು 1986ರ ಡಿಸೆಂಬರ್‌ನಲ್ಲಿ, ಟೋಕಿಯೊಗೆ ಅಂಟಿಕೊಂಡಿರುವ ಸೈತಾಮಾ ಪ್ರಾಂತ್ಯದಲ್ಲಿ. ಬಲಗೈ ಆಟಗಾರ. ಅವರ ಆಟದ ಬದುಕನ್ನು ಇಬ್ಬರು ಜೊತೆಗಾರರ ಹೆಸರಿನಲ್ಲಿ ಎರಡು ಪಾಲು ಮಾಡಬಹುದು. 2016ರ ರಿಯೊ ಒಲಿಂಪಿಕ್ಸ್‌ವರೆಗೆ ಕೆನಿಚಿ ಹಯಕಾವಾ, ಆಮೇಲೆ 2021ರ ಟೋಕಿಯೊ ಒಲಿಂಪಿಕ್ಸ್‌ವರೆಗೆ ಯುಟಾ ವತನಬೆ. ಆಲ್ ಇಂಗ್ಲೆಂಡ್ ಚಾಂಪಿಯನ್‌ಷಿಪ್‌ನಲ್ಲಿ ಐದು ಫೈನಲ್ ಆಡಿ ಎರಡು ಗೆದ್ದರು. ನಿವೃತ್ತರಾದ ಮೇಲೆ ತಾವು ಆಡುತ್ತಿದ್ದ ಕಂಪನಿ ತಂಡಕ್ಕೇ ಕೋಚ್ ಆದರು.

ಮುಖ ನೆನಪಾಗದಿರುವುದಕ್ಕೆ ಕಾರಣ ಇದೆ. ಟಿವಿಯಲ್ಲಿ ಮತ್ತೆ ಮತ್ತೆ ತೋರಿಸುವುದು ಸ್ಮ್ಯಾಶ್ ಹೊಡೆದವರನ್ನು, ಅದನ್ನು ಎತ್ತಿದವರನ್ನಲ್ಲ. ಎಂಡೊ ಎತ್ತುವವರ ಪೈಕಿ.

ಜಪಾನ್‌ನಲ್ಲಿ ಆಟಗಾರರಿಗೆ ಸಂಬಳ ಯಾರು ಕೊಡ್ತಾರೆ? 'ಕಂಪನಿ ತಂಡ' ಅಂದ್ರೆ ನಮ್ಮ ರೈಲ್ವೆ, ಪೆಟ್ರೋಲಿಯಂ ತಂಡಗಳ ಹಾಗಾ?

ಹತ್ತಿರ ಹತ್ತಿರ ಹಾಗೆಯೇ, ಆದರೆ ಇನ್ನೂ ಬಿಗಿ. ಅಲ್ಲಿ ಇದಕ್ಕೆ 'ಜಿತ್ಸುಗ್ಯೋದಾನ್' ಎನ್ನುತ್ತಾರೆ. ಕಂಪನಿಯೇ ಆಟಗಾರನನ್ನು ನೇಮಿಸಿಕೊಳ್ಳುತ್ತದೆ, ಸಂಬಳ ಕೊಡುತ್ತದೆ, ಜಿಮ್ನೇಷಿಯಂ, ಕೋಚ್, ಅಭ್ಯಾಸದ ಜೊತೆಗಾರರನ್ನು ಒದಗಿಸುತ್ತದೆ. ಎಂಡೊ ಇದ್ದದ್ದು ಮಾಹಿತಿ ತಂತ್ರಜ್ಞಾನ ಕಂಪನಿ ನಿಹೋನ್ ಯುನಿಸಿಸ್‌ನಲ್ಲಿ. 2022ರ ಏಪ್ರಿಲ್‌ನಿಂದ ಆ ಕಂಪನಿಯ ಹೆಸರು ಬಿಪ್ರೊಜೀ. ಹಯಕಾವಾ ಅಲ್ಲಿಯವರೇ, ವತನಬೆ ಸೇರಿದ್ದೂ ಅಲ್ಲಿಗೇ. ರಿಯೊದಲ್ಲಿ ಮಹಿಳಾ ಡಬಲ್ಸ್ ಚಿನ್ನ ಗೆದ್ದ ಅಯಾಕಾ ತಕಹಾಷಿ ಮತ್ತು ಮಿಸಾಕಿ ಮಾತ್ಸುಟೊಮೊ ಕೂಡ ಅದೇ ತಂಡ.

ಇದರ ಪರಿಣಾಮ ನೇರವಾಗಿ ಆಟದ ಮೇಲಾಗುತ್ತದೆ. ಜೊತೆಗಾರರಿಬ್ಬರೂ ಒಂದೇ ಕಂಪನಿಯವರಾದರೆ ಶಿಬಿರ ಇಲ್ಲದ ದಿನಗಳಲ್ಲೂ ಒಂದೇ ಅಂಗಳದಲ್ಲಿ ಅಭ್ಯಾಸ. ಇನ್ನೊಂದು ಸಂಗತಿ: ಅಲ್ಲಿನ ಕಂಪನಿ ತಂಡಗಳ ಲೀಗ್ ಮುಖಾಮುಖಿಯಲ್ಲಿ ಎರಡು ಡಬಲ್ಸ್, ಒಂದು ಸಿಂಗಲ್ಸ್. ತಂಡ ಗೆಲ್ಲಬೇಕಾದರೆ ಡಬಲ್ಸ್ ಜೋಡಿಗಳು ಬೇಕೇ ಬೇಕು. ಸಿಂಗಲ್ಸ್‌ನಲ್ಲಿ ಮುಂದೆ ಬರದವರು ಡಬಲ್ಸ್‌ಗೆ ಹೋಗಲಿ ಎಂಬ ಧೋರಣೆ ಅಲ್ಲಿ ಬೇರೂರದಿರುವುದಕ್ಕೆ ಇದೂ ಒಂದು ಕಾರಣ ಎಂದು ನಮ್ಮ ಅಂದಾಜು.

ಒಲಿಂಪಿಕ್ ಪದಕ ಇದೆಯಾ?

ಇಲ್ಲ. ಎರಡು ಒಲಿಂಪಿಕ್ಸ್, ಎರಡರಲ್ಲೂ ಕ್ವಾರ್ಟರ್‌ಫೈನಲ್. ರಿಯೊದಲ್ಲಿ ಹಯಕಾವಾ ಜೊತೆ ಆಡಿ ಬ್ರಿಟನ್‌ನ ಮಾರ್ಕಸ್ ಎಲಿಸ್–ಕ್ರಿಸ್ ಲ್ಯಾಂಗ್‌ರಿಜ್ ಎದುರು ಸೋತರು. ಆ ಜೋಡಿ ಕಂಚು ಗೆದ್ದಿತು. ಟೋಕಿಯೊ ಕಥೆ ಮುಂದೆ ಬೇರೆಯಾಗಿ ಇದೆ. ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಮಾತ್ರ ಪದಕ ಉಂಟು: 2015, ಜಕಾರ್ತಾ, ಹಯಕಾವಾ ಜೊತೆ ಕಂಚು.

## ಆಟದ ವರ್ಷಗಳು

ಆಲ್ ಇಂಗ್ಲೆಂಡ್ ಫೈನಲ್‌ನಲ್ಲಿ ಮೂರು ಸಲ ಸೋತು ಆಮೇಲೆ ಗೆದ್ದರು ಅಂತಾರಲ್ಲ, ಸರಿಯಾದ ಲೆಕ್ಕ ಕೊಡಿ.

ಪ್ರಕಾಶ್ ಪಡುಕೋಣೆ 1980ರಲ್ಲಿ ಸಿಂಗಲ್ಸ್ ಗೆದ್ದ ಅದೇ ಟೂರ್ನಿ. ಈಗ ನಡೆಯುವುದು ಬರ್ಮಿಂಗ್‌ಹ್ಯಾಮ್‌ನಲ್ಲಿ. ಎಂಡೊ ಅವರ ಐದು ಫೈನಲ್‌ಗಳು, ಅಂಕ ಅವರ ಕಡೆಯಿಂದ:

- 2013, ಹಯಕಾವಾ ಜೊತೆ: ಚೀನಾದ ಲಿಯು ಶಿಯಾವೊಲಾಂಗ್–ಚಿಯು ಜಿಹಾನ್ ಎದುರು 11–21, 9–21 ಸೋಲು
- 2014, ಹಯಕಾವಾ ಜೊತೆ: ಇಂಡೊನೇಷ್ಯಾದ ಮೊಹಮ್ಮದ್ ಅಹ್ಸಾನ್–ಹೆಂಡ್ರಾ ಸೆಟಿಯವಾನ್ ಎದುರು 19–21, 19–21 ಸೋಲು
- 2016, ಹಯಕಾವಾ ಜೊತೆ: ರಷ್ಯಾದ ವ್ಲಾಡಿಮಿರ್ ಇವಾನೊವ್–ಇವಾನ್ ಸೊಜೊನೊವ್ ಎದುರು 23–21, 18–21, 16–21 ಸೋಲು
- 2020, ವತನಬೆ ಜೊತೆ: ಇಂಡೊನೇಷ್ಯಾದ ಮಾರ್ಕಸ್ ಗಿಡಿಯೊನ್–ಕೆವಿನ್ ಸುಕಮುಲ್ಜೊ ಎದುರು 21–18, 12–21, 21–19 ಗೆಲುವು
- 2021, ವತನಬೆ ಜೊತೆ: ತಮ್ಮದೇ ದೇಶದ ತಕೇಶಿ ಕಮುರಾ–ಕೇಗೊ ಸೊನೊಡಾ ಎದುರು 21–15, 17–21, 21–11 ಗೆಲುವು

ಮೂರು ಸೋಲನ್ನೂ ಒಂದೇ ತಕ್ಕಡಿಯಲ್ಲಿ ತೂಗಬೇಡಿ. ಮೊದಲನೆಯದು ಏಕಪಕ್ಷೀಯ. ಎರಡನೆಯದು ನಾಲ್ಕು ಅಂಕಗಳ ಆಟ. ಮೂರನೆಯದು ಕೈಗೆ ಬಂದ ತುತ್ತು: ಮೊದಲ ಗೇಮ್ ಗೆದ್ದ ಮೇಲೆ ಸೋತದ್ದು. 2020ರ ಗೆಲುವಿನಿಂದ ಎಂಡೊ–ವತನಬೆ ಆಲ್ ಇಂಗ್ಲೆಂಡ್ ಪುರುಷರ ಡಬಲ್ಸ್ ಗೆದ್ದ ಮೊದಲ ಜಪಾನಿ ಜೋಡಿಯಾದರು.

2021ರ ಪ್ರಶಸ್ತಿಗೆ ಒಂದು ಅಡಿಟಿಪ್ಪಣಿ ಹಾಕದಿದ್ದರೆ ಅಪ್ರಾಮಾಣಿಕತೆ. ಆ ವರ್ಷ ವಿಮಾನದಲ್ಲಿ ಕೋವಿಡ್ ಸೋಂಕಿತರ ಜೊತೆ ಪ್ರಯಾಣಿಸಿದ ಕಾರಣಕ್ಕೆ ಇಂಡೊನೇಷ್ಯಾ ತಂಡವನ್ನು ಟೂರ್ನಿಯಿಂದಲೇ ಹೊರಗಿಟ್ಟಿದ್ದರು. ಜಪಾನ್ ಐದರಲ್ಲಿ ನಾಲ್ಕು ಪ್ರಶಸ್ತಿ ಗೆದ್ದಿತು.

2014ರ ಥಾಮಸ್ ಕಪ್ ನಮ್ಮ ದೆಹಲಿಯಲ್ಲೇ ನಡೀತು. ಅದರಲ್ಲಿ ಎಂಡೊ ಪಾತ್ರ ಏನು?

ದೊಡ್ಡದು. ಥಾಮಸ್ ಕಪ್ ಅಂದರೆ ದೇಶಗಳ ಪುರುಷರ ತಂಡಗಳ ಟೂರ್ನಿ, ಮಹಿಳೆಯರದು ಊಬರ್ ಕಪ್. ಸಿರಿ ಫೋರ್ಟ್ ಒಳಾಂಗಣದಲ್ಲಿ ಜಪಾನ್ ಸೆಮಿಫೈನಲ್‌ನಲ್ಲಿ ಚೀನಾವನ್ನು 3–0ಯಿಂದ, ಫೈನಲ್‌ನಲ್ಲಿ ಮಲೇಷ್ಯಾವನ್ನು 3–2ರಿಂದ ಸೋಲಿಸಿ ಮೊದಲ ಬಾರಿ ಕಪ್ ಎತ್ತಿತು. ಫೈನಲ್‌ನ ಮೊದಲ ಪಂದ್ಯದಲ್ಲಿ ಲೀ ಚಾಂಗ್ ವೀ ಎದುರು ಕೆನಿಚಿ ತಾಗೊ ಸೋತರು. ಎರಡನೆಯದಕ್ಕೆ ಎಂಡೊ–ಹಯಕಾವಾ ಇಳಿದರು. ಎದುರಿಗೆ ತಾನ್ ಬೂನ್ ಹಿಯಾಂಗ್–ಹೂನ್ ಥಿಯೆನ್ ಹೌ. ಮೊದಲ ಗೇಮ್ 12–21 ಹೋಯಿತು. ಅಲ್ಲಿಗೆ 0–2 ಆಗಬೇಕಿದ್ದ ಮುಖಾಮುಖಿಯನ್ನು 21–17, 21–19ರಿಂದ ತಿರುಗಿಸಿ 1–1 ಮಾಡಿದರು. ಕೆಂಟೊ ಮೊಮೊಟಾ ಮೂರನೆಯದನ್ನು ಗೆದ್ದರು, ಕೊನೆಯದನ್ನು ಟಕುಮಾ ಉಯೆಡಾ. ಪತ್ರಿಕೆಗಳ ಚಿತ್ರದಲ್ಲಿ ಬಂದದ್ದು ಉಯೆಡಾ, ಆದರೆ ಆ ಎರಡನೇ ಪಂದ್ಯ ಕೈಬಿಟ್ಟಿದ್ದರೆ ಅವರ ಸರದಿಗೆ ಅಷ್ಟು ತೂಕವೇ ಬರುತ್ತಿರಲಿಲ್ಲ.

ಅದೇ ಅಂಗಳದಲ್ಲಿ, ಅದೇ ವಾರ, ಅಶ್ವಿನಿ ಪೊನ್ನಪ್ಪ ಇದ್ದ ಭಾರತ ಮಹಿಳಾ ತಂಡ ಊಬರ್ ಕಪ್‌ನಲ್ಲಿ ತನ್ನ ಮೊದಲ ಕಂಚು ಗೆದ್ದಿತು.

ಮೂವತ್ತರ ವಯಸ್ಸಲ್ಲಿ ಹತ್ತು ವರ್ಷ ಚಿಕ್ಕವನ ಜೊತೆ ಯಾಕೆ ಆಡೋಕೆ ಹೋದರು?

ರಿಯೊ ನಂತರ ಹಯಕಾವಾ ಜೊತೆಗಿನ ಪಯಣ ಮುಗಿಯಿತು. ಎಂಡೊಗೆ ಮೂವತ್ತು ತುಂಬುತ್ತಿತ್ತು. ಯುಟಾ ವತನಬೆ ಹುಟ್ಟಿದ್ದು 1997ರ ಜೂನ್‌ನಲ್ಲಿ. ಮೊಮೊಟಾ ಓದಿದ ಫುಕುಶಿಮಾದ ತೊಮಿಯೋಕಾ ಶಾಲೆಯಿಂದ ಬಂದ ಎಡಗೈ ಆಟಗಾರ, ಮಿಶ್ರ ಡಬಲ್ಸ್‌ನಲ್ಲೂ ಮುಂದಿದ್ದವರು. ಅಂಥ ಹುಡುಗನ ಕೈಗೆ ನೆಟ್ ಹತ್ತಿರದ ಆಟ ಬಿಟ್ಟು, ತಾನು ಹಿಂದಿನ ಭಾರ ಹೊರುವುದು ಹಿರಿಯನಿಗೆ ಸುಲಭದ ಮಾತಲ್ಲ. ಜಪಾನಿನಲ್ಲಿ ಹಿರಿಯ–ಕಿರಿಯ ಅಂತರ ಮಾತಿನ ಧಾಟಿಯಲ್ಲೇ ಗೊತ್ತಾಗುತ್ತದೆ; ಡಬಲ್ಸ್‌ನಲ್ಲಿ 'ನೀನು ತಗೋ', 'ನಾನು ತಗೋತೀನಿ' ಎನ್ನಲು ಸಿಗುವುದು ಅರೆಕ್ಷಣ. ಕಿರಿಯ ಹಿಂಜರಿದರೆ ಮಧ್ಯದ ಶಟಲ್ ಇಬ್ಬರ ನಡುವೆ ಬೀಳುತ್ತದೆ.

ನಮ್ಮ ಮಟ್ಟಿಗೆ ಎಂಡೊ ಬದುಕಿನ ಮುಖ್ಯ ನಿರ್ಧಾರ ಇದೇ. ಕೋಚ್ ಆಗುವುದಕ್ಕೆ ನಾಲ್ಕೈದು ವರ್ಷ ಮೊದಲೇ ಅಂಗಳದೊಳಗೆ ಒಬ್ಬ ಕಿರಿಯನ ಆಟವನ್ನು ಅರಳಿಸುವ ಕೆಲಸ ಶುರುವಾಗಿತ್ತು.

ಗಿಡಿಯೊನ್–ಸುಕಮುಲ್ಜೊ ಅಂದ್ರೆ ಎಲ್ಲರೂ ನಡುಗ್ತಿದ್ರು. ಅವರನ್ನು 21–3ರಲ್ಲಿ ಸೋಲಿಸಿದ್ದು ನಿಜವಾ?

ನಿಜ. 2019ರ ಏಪ್ರಿಲ್, ಚೀನಾದ ವುಹಾನ್, ಏಷ್ಯಾ ಚಾಂಪಿಯನ್‌ಷಿಪ್ ಫೈನಲ್: 21–18, 21–3. 'ಮಿನಿಯನ್ಸ್' ಎಂದು ಅಭಿಮಾನಿಗಳು ಕರೆಯುತ್ತಿದ್ದ ಆ ಜೋಡಿ ಆಗ ವಿಶ್ವದ ಅಗ್ರಸ್ಥಾನದಲ್ಲಿತ್ತು.

ಅವರ ಶಕ್ತಿ ಇದ್ದದ್ದು ಚಪ್ಪಟೆ ಆಟದಲ್ಲಿ. ನೆಟ್‌ಗಿಂತ ಸ್ವಲ್ಪವೇ ಮೇಲೆ ಹಾರುವ ವೇಗದ ಡ್ರೈವ್, ಮುಂದೆ ನಿಂತು ಸುಕಮುಲ್ಜೊ ಅಡ್ಡಗಟ್ಟಿ ಮುಗಿಸುವುದು. ಹೆಚ್ಚಿನ ಜೋಡಿಗಳು ಅವರಷ್ಟೇ ವೇಗದಲ್ಲಿ ಉತ್ತರಿಸಲು ಹೋಗಿ ಅವರ ಬಲೆಗೇ ಬೀಳುತ್ತಿದ್ದವು. ಎಂಡೊ–ವತನಬೆ ಶಟಲ್ ಎತ್ತಿಕೊಡಲು ಹೆದರಲಿಲ್ಲ. ಹಿಂದಿನ ಗೆರೆಯವರೆಗೆ ಆಳವಾಗಿ ಎತ್ತು, ಹೊಡೆಯಲಿ ಬಿಡು, ಮತ್ತೆ ಎತ್ತು, ಹೊಡೆತ ಮೆತ್ತಗಾದ ಕ್ಷಣ ತಿರುಗಿ ಹೊಡೆ. ಗಿಡಿಯೊನ್ ಆಗಲಿ ಸುಕಮುಲ್ಜೊ ಆಗಲಿ ಎತ್ತರದ ಆಳುಗಳಲ್ಲ. ಹಿಂದಿನಿಂದ ಒಂದೇ ಏಟಿಗೆ ಮುಗಿಸುವುದು ಅವರ ಮೊದಲ ಆಯ್ಕೆಯೂ ಅಲ್ಲ. ರ‍್ಯಾಲಿ ಉದ್ದವಾದಷ್ಟೂ ಖರ್ಚು ಅವರದಾಯಿತು.

ಈ ತಂತ್ರಕ್ಕೆ ಒಂದು ಷರತ್ತು: ಲಿಫ್ಟ್, ಅಂದರೆ ಹೀಗೆ ಎತ್ತಿಕೊಡುವ ಹೊಡೆತ, ಆಳವಾಗಿರಲೇಬೇಕು. ಅಂಗಳದ ನಡುವಿಗೆ ಬಿದ್ದ ಲಿಫ್ಟ್ ಎದುರಾಳಿಗೆ ಉಡುಗೊರೆ.

ಟೋಕಿಯೊದಲ್ಲಿ ತವರಿನಲ್ಲೇ ಏನಾಯ್ತು?

ಕ್ವಾರ್ಟರ್‌ಫೈನಲ್‌ನಲ್ಲಿ ಚೀನಾ ತೈಪೆಯ ಲೀ ಯಾಂಗ್–ವಾಂಗ್ ಚಿ-ಲಿನ್ ಎದುರು 16–21, 19–21. ವಾಂಗ್ ಹಿಂದಿನಿಂದ ಒಂದೇ ಏಟಿಗೆ ಗೋಡೆ ಒಡೆಯಬಲ್ಲ ಹೊಡೆತಗಾರ, ಅಂದರೆ ಹಿಂದಿನ ಉತ್ತರದಲ್ಲಿ ಹೇಳಿದ ತಂತ್ರಕ್ಕೆ ಸರಿಯಾದ ಮದ್ದು. ಆ ಜೋಡಿ ಚಿನ್ನ ಗೆದ್ದೇ ಹೊರಟಿತು. ಗುಂಪು ಹಂತದಲ್ಲಿ ಅದೇ ಲೀ–ವಾಂಗ್ ಅವರನ್ನು 21–16, 16–21, 27–25ರಿಂದ ಸೋಲಿಸಿದ್ದವರು ನಮ್ಮ ಸಾತ್ವಿಕ್–ಚಿರಾಗ್. ಮೂರರಲ್ಲಿ ಎರಡು ಪಂದ್ಯ ಗೆದ್ದೂ ನಾಕೌಟ್ ತಲುಪಲಿಲ್ಲ ಎಂಬುದು ಬೇರೆ ಸಂಕಟ. ವತನಬೆ ಅರಿಸಾ ಹಿಗಾಷಿನೊ ಜೊತೆ ಮಿಶ್ರ ಡಬಲ್ಸ್ ಕಂಚು ಗೆದ್ದರು. ಎಂಡೊಗೆ ಅದೇ ಕೊನೆಯ ಒಲಿಂಪಿಕ್ಸ್.

## ಆಟದ ಒಳಗುಟ್ಟು

ಎಡಗೈ–ಬಲಗೈ ಜೋಡಿ ಆದ್ರೆ ನಿಜವಾಗ್ಲೂ ಲಾಭನಾ, ಅಥವಾ ಸುಮ್ಮನೆ ಹೇಳ್ತಾರಾ?

ಲಾಭ ಇದೆ, ಜೊತೆಗೆ ಒಂದು ತೊಡಕೂ ಇದೆ. ತೊಡಕನ್ನು ಯಾರೂ ಹೇಳುವುದಿಲ್ಲ.

ಲಾಭ ಹಿಂದಿನ ಮೂಲೆಗಳಲ್ಲಿ. ಇಬ್ಬರೂ ಬಲಗೈಯವರಾದರೆ ಎಡ ಹಿಂಮೂಲೆಗೆ ಬಂದ ಶಟಲ್‌ಗೆ ತಲೆಯ ಸುತ್ತ ಕೈ ತಂದು ಹೊಡೆಯಬೇಕು. ಬೆನ್ನು ಬಾಗುತ್ತದೆ, ಮರಳಿ ಬರಲು ಒಂದು ಹೆಜ್ಜೆ ಹೆಚ್ಚು ಬೇಕು. ಎಡಗೈಯವನು ಎಡಕ್ಕೆ, ಬಲಗೈಯವನು ಬಲಕ್ಕೆ ಇದ್ದರೆ ಎರಡೂ ಮೂಲೆಯಲ್ಲಿ ಫೋರ್‌ಹ್ಯಾಂಡ್ ಸ್ಮ್ಯಾಶ್. ಮತ್ತೊಂದು ಲಾಭ ಶಟಲ್‌ನದೇ. ಗರಿಗಳನ್ನು ಒಂದರ ಮೇಲೊಂದು ಒಂದೇ ದಿಕ್ಕಿನಲ್ಲಿ ಜೋಡಿಸಿರುವುದರಿಂದ ಅದು ಒಂದೇ ಕಡೆ ತಿರುಗುತ್ತಾ ಹಾರುತ್ತದೆ. ಒಂದೇ ಬಗೆಯ ಸ್ಲೈಸ್ (ಶಟಲ್ ಅನ್ನು ಓರೆಯಾಗಿ ಸವರುವ ಹೊಡೆತ) ಬಲಗೈಯಿಂದ ಬಂದಾಗ ಒಂದು ರೀತಿ, ಎಡಗೈಯಿಂದ ಬಂದಾಗ ಇನ್ನೊಂದು ರೀತಿ ಬೀಳುತ್ತದೆ. ಎದುರಾಳಿ ಪ್ರತಿ ರ‍್ಯಾಲಿಯಲ್ಲೂ ಎರಡು ಲೆಕ್ಕ ಇಟ್ಟುಕೊಳ್ಳಬೇಕು.

ತೊಡಕು ಮಧ್ಯದಲ್ಲಿ. ಇಬ್ಬರು ಬಲಗೈಯವರು ಅಕ್ಕಪಕ್ಕ ನಿಂತರೆ ಮಧ್ಯದ ಶಟಲ್ ಎಡಕ್ಕಿರುವವನ ಫೋರ್‌ಹ್ಯಾಂಡ್‌ಗೆ ಸೇರಿದ್ದು, ಚರ್ಚೆ ಬೇಡ. ಎಡ–ಬಲ ಜೋಡಿ ತಮ್ಮ ತಮ್ಮ ಕಡೆ ನಿಂತಾಗ ಮಧ್ಯದಲ್ಲಿ ಇಬ್ಬರದೂ ಬ್ಯಾಕ್‌ಹ್ಯಾಂಡ್. ಬದಲಾಗಿ ನಿಂತಾಗ ಇಬ್ಬರದೂ ಫೋರ್‌ಹ್ಯಾಂಡ್. ರಾಕೆಟ್‌ಗಳು ಬಡಿದುಕೊಳ್ಳುವುದು ಇಲ್ಲೇ. ಆದ್ದರಿಂದ ಪಂದ್ಯಕ್ಕೆ ಮೊದಲೇ ಒಂದು ನಿಯಮ ಮಾಡಿಕೊಳ್ಳಿ. ಸುಲಭದ್ದು: ಹೊಡೆಯುವವನಿಗೆ ಅಡ್ಡಡ್ಡ ಎದುರಿಗೆ ಇರುವವನು ಮಧ್ಯದ್ದನ್ನು ತೆಗೆದುಕೊಳ್ಳಬೇಕು, ನೇರ ಎದುರಿಗಿರುವವನು ಪಕ್ಕದ ಗೆರೆ ಕಾಯಬೇಕು.

ಎಂಡೊ ತರಹ ಡಿಫೆನ್ಸ್ ಕಲಿಯೋಕೆ ನಮ್ಮ ಕ್ಲಬ್‌ನಲ್ಲಿ ಏನು ಮಾಡಬಹುದು? ಕೋಚ್ ಇಲ್ಲ, ನಾಲ್ಕು ಜನ ಇದ್ದೀವಿ.

ನಾಲ್ಕು ಜನ, ಹಳೆಯ ಶಟಲ್ ಒಂದು ಬುಟ್ಟಿ ಸಾಕು.

ಮೊದಲು ನಿಲುವು. ಪಾದಗಳು ಭುಜಕ್ಕಿಂತ ಅಗಲ, ಮಂಡಿ ಬಾಗಿರಲಿ, ಭಾರ ಪಾದದ ಮುಂಭಾಗದ ಮೇಲೆ. ರಾಕೆಟ್ ಸೊಂಟದ ಎತ್ತರದಲ್ಲಿ, ದೇಹದಿಂದ ಒಂದು ಮೊಳ ಮುಂದೆ. ಹಿಡಿತ ಬ್ಯಾಕ್‌ಹ್ಯಾಂಡ್ ಕಡೆಗೆ, ಹೆಬ್ಬೆರಳು ಹಿಡಿಯ ಅಗಲ ಬದಿಯ ಮೇಲೆ, ಆದರೆ ಸಡಿಲ. ನಿಲ್ಲುವ ಜಾಗ ಸಣ್ಣ ಸರ್ವ್ ಗೆರೆ ಮತ್ತು ಡಬಲ್ಸ್‌ನ ಹಿಂದಿನ ಸರ್ವ್ ಗೆರೆಯ ನಡುಮಧ್ಯ, ಅಂದರೆ ನೆಟ್‌ನಿಂದ ಸುಮಾರು 4 ಮೀಟರ್. ಸ್ಮ್ಯಾಶ್ ಹೊಡೆಯುವವನಿಗೆ ಅಡ್ಡಡ್ಡ ಇರುವವನು ಅರ್ಧ ಹೆಜ್ಜೆ ಮುಂದೆ ಬರಬೇಕು. ಅಡ್ಡ ಬರುವ ಸ್ಮ್ಯಾಶ್ ಹೆಚ್ಚು ದೂರ ಹಾರಿ ವೇಗ ಕಳೆದುಕೊಂಡು ಕೆಳಗಿಳಿದಿರುತ್ತದೆ.

ಆಮೇಲೆ ಅಭ್ಯಾಸ. ಒಬ್ಬ ಎದುರು ಅಂಗಳದ ನಡುವೆ ಗಟ್ಟಿ ಬೆಂಚಿನ ಮೇಲೆ ನಿಂತು ಕೆಳಮುಖವಾಗಿ ಹೊಡೆಯಲಿ, ಎರಡನೆಯವನು ಶಟಲ್ ಎತ್ತಿಕೊಡಲಿ, ಉಳಿದಿಬ್ಬರು ಜೋಡಿಯಾಗಿ ಎತ್ತಲಿ. ಒಂದು ಸುತ್ತಿಗೆ 20 ಶಟಲ್, ಐದು ಸುತ್ತು, ನಡುವೆ 40 ಸೆಕೆಂಡ್ ವಿರಾಮ. ಮೊದಲ ಎರಡು ಸುತ್ತು ಬರೀ ಲಿಫ್ಟ್. ಶಟಲ್ ಹಿಂದಿನ ಎರಡು ಗೆರೆಗಳ ನಡುವಿನ 76 ಸೆಂಟಿಮೀಟರ್ ಪಟ್ಟಿಯಲ್ಲಿ ಬಿದ್ದರೆ ಮಾತ್ರ ಲೆಕ್ಕಕ್ಕೆ. ಮುಂದಿನ ಎರಡು ಬರೀ ಡ್ರೈವ್. ಕೊನೆಯದರಲ್ಲಿ ಎರಡೂ ಬೆರೆಸಿ. 20ರಲ್ಲಿ 12 ಆ ಪಟ್ಟಿಗೆ ಬೀಳುವವರೆಗೆ ಹೊಡೆತದ ವೇಗ ಹೆಚ್ಚಿಸಬೇಡಿ. ಗರಿ ಮುರಿದ ಶಟಲ್ ಓಲಾಡುತ್ತದೆ. ಅದರಲ್ಲಿ ಆಳ ಅಳೆಯಲು ಆಗದು, ಡ್ರೈವ್ ಸುತ್ತಿಗೆ ಇಟ್ಟುಕೊಳ್ಳಿ.

ಎಡವುವುದು ಎಲ್ಲಿ? ಹೆಚ್ಚಿನವರು ಹಿಡಿಯನ್ನು ಮೊದಲೇ ಬಿಗಿ ಹಿಡಿಯುತ್ತಾರೆ, ಬೆರಳಿನ ಚಿಮ್ಮು ಸತ್ತು ಶಟಲ್ ನಡು ಅಂಗಳಕ್ಕೆ ಬೀಳುತ್ತದೆ. ಕೈಯನ್ನು ಹಿಂದಕ್ಕೆ ಎಳೆದು ಬೀಸುವವರಿಗೆ ಶಟಲ್ ಪಕ್ಕೆಗೆ ಬಂದ ಮೇಲೆ ಸಿಗುತ್ತದೆ, ಆಗ ಅದು ನೆಟ್‌ಗೇ. ಮೂರನೆಯದು ಸೋಮಾರಿತನ: ಒಂದು ಒಳ್ಳೆಯ ಲಿಫ್ಟ್ ಆದ ಕೂಡಲೇ ಎದ್ದು ನಿಲ್ಲುವುದು.

ಸರ್ವ್ ವಿಷಯದಲ್ಲಿ 1.15 ಮೀಟರ್ ನಿಯಮ ಬಂದ ಮೇಲೆ ಡಬಲ್ಸ್ ಬದಲಾಯ್ತಾ?

2018ರಿಂದ ಸರ್ವ್ ಹೊಡೆಯುವ ಕ್ಷಣದಲ್ಲಿ ಇಡೀ ಶಟಲ್ ನೆಲದಿಂದ 1.15 ಮೀಟರ್‌ಗಿಂತ ಕೆಳಗಿರಬೇಕು. ಮೊದಲು ಅಳತೆ ಆಟಗಾರನ ಪಕ್ಕೆಲುಬಿನ ಕೆಳಭಾಗ. ನೆಟ್‌ನ ನಡು ಎತ್ತರ 1.524 ಮೀಟರ್, ಎತ್ತರದವರು ಮೊದಲಿಗಿಂತ ಕೆಳಗಿನಿಂದ ಮೇಲಕ್ಕೆ ತಳ್ಳಬೇಕಾಯಿತು, ಶಟಲ್ ನೆಟ್ ಮೇಲೆ ತುಸು ಹೆಚ್ಚು ಹೊತ್ತು ಕಾಣುತ್ತದೆ. ಗಿಡ್ಡ, ಮಧ್ಯಮ ಎತ್ತರದ ಜಪಾನಿ ಜೋಡಿಗಳಿಗೆ ಇದರಿಂದ ನಷ್ಟವೇನೂ ಆಗಲಿಲ್ಲ.

## ಕೋಚ್ ಎಂಡೊ

ಆಡೋದು ಬಿಟ್ಟಿದ್ದು ಯಾವಾಗ? ಈಗ ಜಪಾನ್ ತಂಡದ ಕೋಚಾ?

ಟೋಕಿಯೊ ಒಲಿಂಪಿಕ್ಸ್ ಮುಗಿದ ಮೇಲೆ, 2021ರಲ್ಲಿ, 34ರ ವಯಸ್ಸಿನಲ್ಲಿ. ಅವರು ತರಬೇತಿಗೆ ಇಳಿದದ್ದು ಕಂಪನಿ ತಂಡದಲ್ಲಿ. ಹಳೆಯ ಜೊತೆಗಾರ ಹಯಕಾವಾ ಕೂಡ ಆಟ ಬಿಟ್ಟು ಅಲ್ಲೇ ತರಬೇತಿಯ ಕಡೆ ಹೊರಳಿದ್ದರು. ಆಟಗಾರ ನಿವೃತ್ತನಾದರೂ ಉದ್ಯೋಗ ಕಳೆದುಕೊಳ್ಳದ ವ್ಯವಸ್ಥೆಯ ಒಂದು ಅನುಕೂಲ ಇದು: ಅನುಭವ ಊರು ಬಿಟ್ಟು ಹೋಗುವುದಿಲ್ಲ.

ಕಂಪನಿ ಕೋಚ್‌ಗೂ ರಾಷ್ಟ್ರೀಯ ಕೋಚ್‌ಗೂ ಏನು ವ್ಯತ್ಯಾಸ?

ರಾಷ್ಟ್ರೀಯ ಕೋಚ್ ಶಿಬಿರ ನಡೆಸುತ್ತಾರೆ, ವಿದೇಶಿ ಟೂರ್ನಿಗಳಿಗೆ ಹೋಗುತ್ತಾರೆ. 2004ರ ಕೊನೆಯಿಂದ ಸುಮಾರು ಎರಡು ದಶಕ ಆ ಹೊಣೆ ಕೊರಿಯಾದ ಪಾರ್ಕ್ ಜೂ-ಬಾಂಗ್ ಅವರದಾಗಿತ್ತು. 1992ರ ಬಾರ್ಸಿಲೋನಾ ಪುರುಷರ ಡಬಲ್ಸ್ ಚಿನ್ನ ಗೆದ್ದವರು. ಡಬಲ್ಸ್‌ಗೆ 2019ರಲ್ಲಿ ಬಂದವರು ಮಲೇಷ್ಯಾದ ತಾನ್ ಕಿಮ್ ಹರ್. ಭಾರತ ತಂಡದಲ್ಲಿದ್ದಾಗ ಸಾತ್ವಿಕ್ ಮತ್ತು ಚಿರಾಗ್‌ರನ್ನು ಜೋಡಿ ಮಾಡಿದವರು ಇವರೇ.

ಕಂಪನಿ ಕೋಚ್‌ನ ಕೈಗೆ ಬರುವುದು ಉಳಿದ ದಿನಗಳು, ಜೊತೆಗೆ ಶಾಲೆ, ವಿಶ್ವವಿದ್ಯಾಲಯ ಮುಗಿಸಿ ಹೊಸದಾಗಿ ಸೇರಿದವರು, ಗಾಯದಿಂದ ಮರಳುತ್ತಿರುವವರು, ಜೊತೆಗಾರ ಇಲ್ಲದವರು. ಯಾರ ಜೊತೆ ಯಾರು ಎಂಬ ಪ್ರಯೋಗ ಮೊದಲು ನಡೆಯುವುದೂ ಇಲ್ಲೇ. ಹೆಸರು ಕಡಿಮೆ, ಕೆಲಸ ಹೆಚ್ಚು.

ಪಂದ್ಯದ ನಡುವೆ ಕೋಚ್ ಎಷ್ಟು ಮಾತಾಡಬಹುದು? ಕುರ್ಚಿಯಿಂದ ಕೂಗೋದು ತಪ್ಪಾ?

ಶಟಲ್ ಆಟದಲ್ಲಿರುವಾಗ ಕೂಗುವಂತಿಲ್ಲ. ರ‍್ಯಾಲಿಗಳ ನಡುವೆ, ಆಟಕ್ಕೆ ತಡೆಯಾಗದಂತೆ ಹೇಳಬಹುದು. ಗೇಮ್‌ನಲ್ಲಿ ಮೊದಲು 11 ಅಂಕ ಆದಾಗ 60 ಸೆಕೆಂಡ್‌ವರೆಗೆ, ಗೇಮ್‌ಗಳ ನಡುವೆ 120 ಸೆಕೆಂಡ್‌ವರೆಗೆ ವಿರಾಮ. ಆಗ ಒಂದು ಕಡೆಗೆ ಇಬ್ಬರವರೆಗೆ ಅಂಗಳದೊಳಗೆ ಬರಬಹುದು, ಅಂಪೈರ್ '20 ಸೆಕೆಂಡ್' ಎಂದಾಗ ಹೊರಡಬೇಕು. ಅಂದರೆ 60ರಲ್ಲಿ ಕೈಗೆ ಸಿಗುವುದು 40, ಅದರಲ್ಲೂ ಬೆವರು ಒರೆಸಿ ನೀರು ಕುಡಿಯುವ ಹೊತ್ತು ಕಳೆಯಬೇಕು. ಅಷ್ಟರಲ್ಲಿ ಹೇಳಬಹುದಾದದ್ದು ಎರಡು ಮಾತು: ಸರ್ವ್ ಎಲ್ಲಿಗೆ ಹಾಕಬೇಕು, ಲಿಫ್ಟ್ ಯಾರ ಕಡೆ ಎತ್ತಬೇಕು. ಮೂರನೆಯದು ಹೇಳಿದರೆ ಮೊದಲನೆಯದು ಮರೆಯುತ್ತದೆ.

ಒಂದೇ ದೇಶದ ಎರಡು ಜೋಡಿಗಳು ಎದುರಾದಾಗ ರಾಷ್ಟ್ರೀಯ ಕೋಚ್‌ಗಳು ಸಾಮಾನ್ಯವಾಗಿ ಯಾರ ಹಿಂದೆಯೂ ಕೂರುವುದಿಲ್ಲ.

ಎಂಡೊ ಆಟ ಅರ್ಥ ಆಗಬೇಕಾದರೆ ಯಾವ ಪಂದ್ಯ ನೋಡಬೇಕು?

2020ರ ಆಲ್ ಇಂಗ್ಲೆಂಡ್ ಫೈನಲ್, ಮೂರನೇ ಗೇಮ್. ಶಟಲ್ ಹಿಂದೆ ಕಣ್ಣು ಓಡಿಸಬೇಡಿ. ಎಂಡೊ ಪಾದಗಳನ್ನು ಮಾತ್ರ ನೋಡಿ. ವತನಬೆ ಹೊಡೆದ ಕೂಡಲೇ ಎಂಡೊ ಎತ್ತ ಸರಿದರು, ಎಷ್ಟು ಹೆಜ್ಜೆ ಎಂದು ಒಂದು ಹತ್ತು ರ‍್ಯಾಲಿ ಬರೆದುಕೊಳ್ಳಿ. ಆಮೇಲೆ 2016ರ ಫೈನಲ್ ಹಾಕಿ, ಹಯಕಾವಾ ಪಕ್ಕದಲ್ಲಿ ಅದೇ ಲೆಕ್ಕ ಮಾಡಿ. ಎರಡೂ ಪಟ್ಟಿ ಪಕ್ಕಪಕ್ಕ ಇಟ್ಟರೆ ಎಡಗೈ ಜೊತೆಗಾರ ಬಂದ ಮೇಲೆ ಎಂಡೊ ಓಡುವ ದಾರಿ ಎಲ್ಲೆಲ್ಲಿ ಬದಲಾಯಿತು ಎಂದು ಕಣ್ಣಿಗೇ ಕಾಣುತ್ತದೆ.